ಗಾಲ್ಫ್ ಪಟರ್ ಉದ್ದ ಎಷ್ಟಿರಬೇಕು? ಮೊದಲು ಟೇಪು ತನ್ನಿ

ಗಾಲ್ಫಿನಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಸೇರಿಸುವ ಕೋಲೇ ಪಟರ್, ಆ ಹೊಡೆತವೇ ಪಟ್. ಅಂಗಡಿಯಲ್ಲಿ ಕೊಟ್ಟ 35 ಇಂಚಿನ ಪಟರನ್ನೇ ಹಿಡಿದು ನಾನು ಎರಡು ವರ್ಷ ಒದ್ದಾಡಿದ್ದೇನೆ. ನಾಲ್ಕಡಿ ದೂರದ ಪಟ್ ಕೂಡ ಎಡಕ್ಕೆ ಜಾರುತ್ತಿತ್ತು. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಒಂದು ದಿನ ನಮ್ಮ ಬ್ಯಾಗ್ ಹೊರುವ ಕ್ಯಾಡಿಯೊಬ್ಬರು, "ಸಾರ್, ನಿಮ್ ಪಟರ್ ಮೂತಿ ಎತ್ಕೊಂಡು ನಿಂತಿದೆ ನೋಡಿ" ಅಂದರು. ನಿಜ, ಚೆಂಡಿಗೆ ತಾಗುವ ತಲೆಯ ಹೊರತುದಿ ನೆಲ ಬಿಟ್ಟಿತ್ತು. ಪಟರ್ ಉದ್ದ ಜಾಸ್ತಿಯಾದರೆ ಆಗುವುದೇ ಹೀಗೆ: ಮೊಣಕೈ ಮಡಚುತ್ತದೆ, ನಾವು ಚೆಂಡಿನಿಂದ ದೂರ ನಿಲ್ಲುತ್ತೇವೆ, ಬಲಗೈಯವರ ಗುರಿ ಎಡಕ್ಕೆ ತಿರುಗುತ್ತದೆ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 33, 34, 35 ಇಂಚಿನವು. ಎತ್ತರ ನೋಡಿ ಆರಿಸಬೇಡಿ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕೈ ಉದ್ದ ಇರಬಹುದು, ಇನ್ನೊಬ್ಬರು ಜಾಸ್ತಿ ಬಗ್ಗಬಹುದು, ಅಲ್ವಾ?

ಅಳೆಯುವುದು ಹೀಗೆ. ಗಾಲ್ಫ್ ಶೂ ಹಾಕಿಕೊಂಡೇ ನಿಲ್ಲಿ. ಸೊಂಟದಿಂದ ಆರಾಮಾಗಿ ಬಗ್ಗಿ, ಎರಡೂ ಕೈಗಳನ್ನು ಸುಮ್ನೆ ಇಳಿಬಿಟ್ಟು ಅಂಗೈ ಜೋಡಿಸಿ. ಈಗ ಮನೆಯವರ ಕೈಗೆ ದರ್ಜಿ ಟೇಪು ಕೊಟ್ಟು, ಪಟರ್ ಹಿಡಿದಾಗ ಮೇಲಿರುವ ಕೈಯ ಮಣಿಕಟ್ಟಿನ ಗೆರೆಯಿಂದ ನೆಲದ ಮೇಲೆ ಪಟರ್ ತಲೆ ಕೂರುವ ಜಾಗದವರೆಗೆ ಅಳೆಯಲು ಹೇಳಿ. ನೆಟ್ಟಗೆ ಕೆಳಕ್ಕಲ್ಲ, ಶಾಫ್ಟ್, ಅಂದರೆ ಪಟರಿನ ಉದ್ದನೆಯ ದಂಡ, ಹೋಗುವ ಓರೆಯಲ್ಲೇ. ಹೆಚ್ಚುಕಮ್ಮಿ ಅದೇ ನಿಮ್ಮ ಅಳತೆ.

ಆಮೇಲೆ ಕಣ್ಣಿನ ಪರೀಕ್ಷೆ. ಪಟ್ ಮಾಡುವ ಭಂಗಿಯಲ್ಲಿ ನಿಂತು, ಬಲಗೈಯವರಾದರೆ ಎಡಗಣ್ಣಿನ ಕೆಳಗಿನಿಂದ ಒಂದು ಚೆಂಡು ಬಿಡಿ. ಅದು ನೆಲದ ಮೇಲಿನ ಚೆಂಡಿನ ಮೇಲೆ, ಅಥವಾ ಸ್ವಲ್ಪ ನಿಮ್ಮ ಕಡೆಗೆ ಬಿದ್ದರೆ ಸರಿ. ಆಚೆ ಬಿದ್ದರೆ ಜಾಸ್ತಿ ಬಗ್ಗಿದ್ದೀರಿ, ಬಹುಶಃ ಪಟರ್ ಗಿಡ್ಡ. ಫ್ಲಾಟಿನಲ್ಲಿರುವವರು ಒಂದು ಟವೆಲ್ ಹಾಸಿಕೊಳ್ಳಿ. ನಾನು ಹಾಗೇ ಬಿಟ್ಟು ಕೆಳಗಿನ ಮನೆ ಅಜ್ಜಿಯಿಂದ ಬೈಸಿಕೊಂಡಿದ್ದೇನೆ.

ಉದ್ದ ಜಾಸ್ತಿ ಅಂತ ತಕ್ಷಣ ಕತ್ತರಿಸಲು ಹೋಗಬೇಡಿ. ಗ್ರಿಪ್ಪಿನ (ಕೈ ಹಿಡಿಯ) ಮೇಲ್ತುದಿಯಿಂದ ಒಂದಿಂಚು ಕೆಳಗೆ ಅಂಟು ಟೇಪು ಸುತ್ತಿ, ಅಲ್ಲೇ ಹಿಡಿದು ಒಂದೆರಡು ವಾರ ಆಡಿ ನೋಡಿ. ಕತ್ತರಿಸಿದರೆ ಪಟರಿನ ತಲೆ ಹಗುರ ಅನ್ನಿಸುತ್ತದೆ, ಆಗ ಸೀಸದ ಟೇಪು ಅಂಟಿಸಿ ತೂಕ ಕೂಡಿಸಬೇಕು, ಹೊಸ ಗ್ರಿಪ್ಪಿನ ಖರ್ಚು ಬೇರೆ.

ಎದೆಯವರೆಗೆ ಬರುವ ಉದ್ದನೆಯ ಪಟರ್ ಬೇಕು ಅನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದ ಗಾಲ್ಫ್ ಆಟಗಾರ ಆಡಂ ಸ್ಕಾಟ್ 2013ರ ಮಾಸ್ಟರ್ಸ್ ಟೂರ್ನಿ ಗೆದ್ದದ್ದು ಅಂಥದ್ದರಲ್ಲೇ. ನಿಯಮದ ಪ್ರಕಾರ ಪಟರ್ 18 ಇಂಚಿಗಿಂತ ಗಿಡ್ಡ ಇರಬಾರದು, ಉದ್ದಕ್ಕೆ ಮಿತಿ ಇಲ್ಲ. ಆದರೆ 2016ರಿಂದ ಅದನ್ನು ಎದೆಗೋ ಹೊಟ್ಟೆಗೋ ಊರಿ ಹೊಡೆಯುವಂತಿಲ್ಲ. ಬೆನ್ನು ನೋವಿದ್ದರೆ ಯೋಚಿಸಿ, ಇಲ್ಲದಿದ್ದರೆ ಬೇಡ ಅಂತಲೇ ನಾನು ಹೇಳುವುದು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಅಂದರೆ, ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನೇ ನೋಡಿ. ಅಷ್ಟೇನೂ ದೂರ ಹೊಡೆಯದಿದ್ದರೂ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು, ಪಟಿಂಗಿನ ಬಲದಿಂದ.

ನಾನು ಕೊನೆಗೆ 33ಕ್ಕೆ ಇಳಿದೆ. ಎಡಕ್ಕೆ ಜಾರುವುದು ನಿಂತಿತು. ಈಗ ಆಗಾಗ ಬಲಕ್ಕೆ ಹೋಗುತ್ತದೆ, ಅದು ಪಟರಿನ ತಪ್ಪಲ್ಲ.