ಹೊಲಿಗೆ ಗಟ್ಟಿಯಾದರೆ ಜೋಡಿ ಕಪ್ಪುಕುಳಿ ಕಂಡೀತು

ಎರಡು ದೈತ್ಯ ಕಪ್ಪುಕುಳಿಗಳು ಹತ್ತಿರದಿಂದ ಒಂದನ್ನೊಂದು ಸುತ್ತುತ್ತಿದ್ದರೆ, ಅವನ್ನು ಬಿಡಿಸಿ ನೋಡುವಷ್ಟು ಸೂಕ್ಷ್ಮ ದೃಷ್ಟಿ ನಮ್ಮ ದೂರದರ್ಶಕಗಳಿಗಿಲ್ಲ. ಆದರೆ ಕಕ್ಷೆಯ ಅಂಚು ನಮ್ಮತ್ತ ಇದ್ದರೆ ಒಂದು ಇನ್ನೊಂದರ ಮುಂದೆ ಹಾಯುತ್ತದೆ. ಮುಂದಿರುವುದರ ಗುರುತ್ವ ಹಿಂದಿನದನ್ನು ಸುತ್ತುವ ಬಿಸಿ ಅನಿಲದ ಬೆಳಕನ್ನು ಮಸೂರದಂತೆ ಬಾಗಿಸಿ ನಮ್ಮೆಡೆಗೆ ಕೂಡಿಸುತ್ತದೆ. ಕೆಲವು ದಿನ ಬೆಳಕು ಏರಿ ಇಳಿಯುತ್ತದೆ. ಪುಣೆಯಲ್ಲಿ ಕುಳಿತು ನಾನು ಬೆನ್ನುಹತ್ತಿದ್ದು ಇಂಥದೊಂದು ಏರಿಳಿತವನ್ನು.

‘ಸ್ಪೈಕಿ’ ಎಂದು ಕರೆಯುವ, ಪಟ್ಟಿಯಲ್ಲಿ ಕೆಐಸಿ 11606854 ಎಂದು ದಾಖಲಾದ ದೂರದ ಗ್ಯಾಲಕ್ಸಿಯೊಂದರ ಹೊಳೆಯುವ ಕೇಂದ್ರ ನನ್ನ ಆಯ್ಕೆ. ನಾಸಾದ ಬಾಹ್ಯಾಕಾಶ ದೂರದರ್ಶಕ ಕೆಪ್ಲರ್ ಅರ್ಧ ಗಂಟೆಗೊಮ್ಮೆ ಅಳೆದ ಅದರ ಬೆಳಕಿನ ದಾಖಲೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಷ್ಟವಿರುವುದು ಹೊಲಿಗೆಯಲ್ಲಿ, ಅಂದರೆ ದಾಖಲೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸುವುದರಲ್ಲಿ. ಸುಮಾರು ಮೂರು ತಿಂಗಳಿಗೊಮ್ಮೆ ಕೆಪ್ಲರ್ 90 ಡಿಗ್ರಿ ಹೊರಳುತ್ತಿತ್ತು. ಬೆಳಕು ಬೇರೆ ಸಿಸಿಡಿ (ಬೆಳಕು ಹಿಡಿಯುವ ಚಿಪ್) ಮೇಲೆ ಬಿದ್ದು ಅಳತೆ ದಿಢೀರನೆ ಜಿಗಿಯುತ್ತಿತ್ತು. ತಿದ್ದಿ ಕೊಟ್ಟ ದತ್ತಾಂಶ ಗ್ರಹ ಹುಡುಕುವವರಿಗೆ ಹೇಳಿಮಾಡಿಸಿದ್ದು, ನಿಧಾನದ ಬದಲಾವಣೆಯನ್ನು ದೋಷವೆಂದು ಒರೆಸಿಹಾಕುತ್ತದೆ. ನಮಗೆ ಬೇಕಾದದ್ದೇ ಅದು! ಹಾಗಾಗಿ ಪಿಕ್ಸೆಲ್‌ಗಳಿಂದಲೇ ಶುರುಮಾಡಿ, ಪಕ್ಕದ ನಕ್ಷತ್ರಗಳ ಬೆಳಕು ಸೇರದಂತೆ ಗಡಿ ಹಾಕಿ, ತುಂಡು ತುಂಡನ್ನೂ ಕೈಯಾರೆ ಜೋಡಿಸಿದೆ. ಹೆಚ್ಚು ಹೊತ್ತು ಹಿಡಿದದ್ದು ಇದಕ್ಕೇ, ಹಿಡಿಯಬೇಕಾದದ್ದೂ ಇದಕ್ಕೇ.

ಧಾರವಾಡದ ಹಿರಿಯ ಸಹೋದ್ಯೋಗಿಯೊಬ್ಬರು ಬೆಳಕಿನ ಏರಿಳಿತದ ನಕ್ಷೆ ನೋಡಿ, “ಪ್ರಿಂಟ್ ತಗೀರಿ, ಶಿಖರದ ತುದಿಗೆ ಸರಿಯಾಗಿ ಮಡಚಿ ಕಿಟಕಿಗೆ ಹಿಡೀರಿ” ಅಂದರು. ಹಿಡಿದರೆ, ಏರು ಇಳಿತದ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಕೂತಿತು. ಅನಿಲ ತಾನಾಗಿ ಭುಗಿಲೆದ್ದಾಗ ಇಷ್ಟು ಸಮನಾದ ಆಕಾರ ಸುಲಭಕ್ಕೆ ಬರುವುದಿಲ್ಲ.

2020ರಲ್ಲಿ ಪ್ರಕಟವಾದ ಮಾದರಿಯ ಪ್ರಕಾರ ಜೋಡಿಯ ಒಟ್ಟು ರಾಶಿ ಸುಮಾರು 3 ಕೋಟಿ ಸೂರ್ಯರಷ್ಟು, ಒಂದು ಸುತ್ತಿಗೆ 418 ದಿನ. ನಾನು ಅಲ್ಲಿಂದ ಹೊರಟು, ಮಸೂರದ ಏರಿಳಿತವನ್ನೂ ಡಾಪ್ಲರ್ ಬದಲಾವಣೆಯನ್ನೂ ಒಟ್ಟಿಗೆ ಹೊಂದಿಸಿದೆ. ಅನಿಲ ನಮ್ಮತ್ತ ಬರುವಾಗ ಹೊಳಪು ಹೆಚ್ಚು, ದೂರ ಸರಿಯುವಾಗ ಕಡಿಮೆ; ಒಂದು ಇನ್ನೊಂದರ ಮುಂದೆ ಬರುವ ಗಳಿಗೆ ಈ ನಿಧಾನದ ಅಲೆಗೆ ತಾಳೆಯಾಗಲೇಬೇಕು. ನನ್ನ ಮಟ್ಟಿಗೆ ಒಂಟಿ ಶಿಖರಕ್ಕಿಂತ ಈ ತಾಳೆಯೇ ದೊಡ್ಡ ಸಾಕ್ಷಿ. ಹೊಲಿಗೆ ಸಡಿಲವಾದರೆ ಆ ಅಲೆಯನ್ನೇ ನಂಬುವಂತಿಲ್ಲ.

ಇಷ್ಟಾದರೂ ಸ್ಪೈಕಿ ಇನ್ನೂ ಅಭ್ಯರ್ಥಿಯೇ, ಜೋಡಿ ಎಂದು ಖಚಿತವಾಗಿಲ್ಲ. ಬೆಳಕಿನ ಮೂಲ ಚಿಕ್ಕದಾಗಿದ್ದರೆ ಗುರುತ್ವ ಎಲ್ಲ ಬಣ್ಣಗಳನ್ನೂ ಒಂದೇ ಸಮ ಹೆಚ್ಚಿಸುತ್ತದೆ. ಕೆಪ್ಲರ್‌ಗೆ ಇದ್ದದ್ದು ಒಂದೇ ಫಿಲ್ಟರ್. ಹಾಗಾಗಿ ಅಂಥ ಏರಿಳಿತ ಮತ್ತೆ ಬಂದಾಗ ಅದನ್ನು ಎರಡು ಬಣ್ಣದಲ್ಲಿ ಒಂದೇ ರಾತ್ರಿ ಅಳೆಯಬೇಕು. ಕೆಪ್ಲರ್ ನೋಡಿದ ರಾಜಹಂಸ–ವೀಣಾ ಭಾಗ ನಮ್ಮಲ್ಲಿ ನಡುರಾತ್ರಿ ಮೇಲೇರುವುದು ಜುಲೈ ಹೊತ್ತಿಗೆ, ಪುಣೆಯ ಮೇಲೆ ಮೋಡ ಕವಿದಾಗ. ಆ ಅಳತೆಗೆ ಮಳೆಯಿಲ್ಲದ ನೆಲದ ದೂರದರ್ಶಕವೇ ಬೇಕು.