ಮುಚ್ಚಿದ ಸಭೆಯ ಠರಾವು ಕೈಸೇರಿದ ಬಗೆ: ನನ್ನ ಅನುಭವ

ಬಾಗಿಲು ಹಾಕಿಕೊಂಡು ನಡೆಸಿದ ಪುರಸಭೆಯ ಸಭೆಯ ನಡವಳಿ ಎಂದಿಗೂ ಹೊರಬರುವುದಿಲ್ಲವೆಂದು ನಮ್ಮ ಜಿಲ್ಲೆಯ ಹಿರಿಯ ಮಾಹಿತಿ ಹಕ್ಕು ಅರ್ಜಿದಾರರೇ ನನಗೆ ಹೇಳಿದ್ದರು. ವಾಣಿಜ್ಯ ಮಳಿಗೆಗಳ ಬಾಡಿಗೆ ನವೀಕರಣದ ಅಂಥದೊಂದು ಠರಾವು ಹಾಜರಾತಿ ಸಹಿಗಳ ಸಮೇತ, ದೃಢೀಕೃತ ಪ್ರತಿಯಾಗಿ ಈಗ ನನ್ನ ಕಡತದಲ್ಲಿದೆ. ನಮ್ಮ ತಾಲ್ಲೂಕಿನಲ್ಲಿ ಇದನ್ನು ಬೇರೆ ಯಾರೂ ಪಡೆದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲ ವರ್ಷವೆಲ್ಲ ತಿರಸ್ಕಾರದಲ್ಲೇ ಕಳೆಯಿತು. ಸಾರ್ವಜನಿಕರನ್ನು ಏಕೆ ಹೊರಗಿಟ್ಟಿರಿ ಎಂದು ಕೇಳಿದರೆ, ಕಾರಣ ಕೇಳುವುದು ಮಾಹಿತಿಯ ವ್ಯಾಪ್ತಿಗೆ ಬಾರದೆಂಬ ಹಿಂಬರಹ ಬಂತು. ಹಲವು ವರ್ಷಗಳ ನಡವಳಿಯನ್ನು ಒಟ್ಟಿಗೆ ಕೇಳಿದಾಗ, ಒಂದು ಅರ್ಜಿಗೆ ಒಂದೇ ವಿಷಯವೆಂಬ ನಮ್ಮ ರಾಜ್ಯದ ನಿಯಮವನ್ನು ತೋರಿಸಿದರು. ಒಂದೇ ಸಭೆಯ ನಡವಳಿಗೆ ಅರ್ಜಿ ಹಾಕಿದಾಗ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಐ) ಉಲ್ಲೇಖಿಸಿದರು. ಮಂತ್ರಿಮಂಡಲದ ಕಾಗದಪತ್ರಗಳಿಗೆ ಇರುವ ಆ ರಕ್ಷಣೆ ಪುರಸಭೆಗೆ ಹೇಗೆ ಅನ್ವಯಿಸುತ್ತದೆಂಬ ನನ್ನ ಮೊದಲ ಮೇಲ್ಮನವಿಯನ್ನು ಎರಡು ಸಾಲಿನಲ್ಲಿ ವಜಾ ಮಾಡಿದರು. ಪೋಸ್ಟಲ್ ಆರ್ಡರ್, ರಿಜಿಸ್ಟರ್ಡ್ ಅಂಚೆ, ಜೆರಾಕ್ಸ್, ಬಸ್ ಚಾರ್ಜು ಎಂದು ಅಷ್ಟರಲ್ಲಿ ಸುಮಾರು ಮೂರು ಸಾವಿರ ರೂಪಾಯಿ ಖರ್ಚಾಗಿತ್ತು.

ದಾರಿ ತೆರೆದದ್ದು ಪ್ರಶ್ನೆಯನ್ನು ಬದಲಿಸಿದಾಗ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ ಸಭೆ ಸಾರ್ವಜನಿಕರಿಗೆ ತೆರೆದಿರಬೇಕು. ಯಾವುದಾದರೂ ವಿಷಯವನ್ನು ಖಾಸಗಿಯಾಗಿ ಚರ್ಚಿಸಬೇಕೆಂದು ಸಭಾಧ್ಯಕ್ಷರು ಭಾವಿಸಿದರೆ ಮಾತ್ರ ಬಾಗಿಲು ಮುಚ್ಚಬಹುದು. ಹಾಗೆ ಭಾವಿಸಿದ್ದು ನಿಜವಾದರೆ ಅದು ನಡವಳಿ ಪುಸ್ತಕದಲ್ಲಿ ಒಂದು ಸಾಲಾದರೂ ದಾಖಲಾಗಿರಬೇಕಲ್ಲವೇ? ಆದ್ದರಿಂದ ನಾನು ಠರಾವನ್ನು ಕೇಳಲೇ ಇಲ್ಲ. ಸಾರ್ವಜನಿಕರನ್ನು ಹೊರಗಿಡುವ ತೀರ್ಮಾನ ದಾಖಲಾದ ಪುಟದ ದೃಢೀಕೃತ ಪ್ರತಿಯನ್ನಷ್ಟೇ ಕೇಳಿದೆ. "ಸದರಿ ದಾಖಲೆಯು ಕಚೇರಿಯಲ್ಲಿ ಲಭ್ಯವಿರುವುದಿಲ್ಲ" ಎಂದು ಮೊಹರು ಹಾಕಿ ಉತ್ತರ ಕೊಟ್ಟರು. ನನಗೆ ಬೇಕಾಗಿದ್ದುದು ಆ ಉತ್ತರವೇ. ಅದನ್ನು ಲಗತ್ತಿಸಿ, ಸಭೆ ಕಾನೂನಿನಂತೆ ಮುಚ್ಚಿದ್ದೇ ಅಲ್ಲವೆಂದ ಮೇಲೆ ನಡವಳಿ ಪುಸ್ತಕವನ್ನು ಪರಿಶೀಲನೆಗೆ ಒದಗಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಅಡಿಯಲ್ಲಿ ಹೊಸ ಅರ್ಜಿ ಹಾಕಿದೆ. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಈ ಸಲ ಮೇಲ್ಮನವಿ ನನ್ನ ಪರವಾಯಿತು, ಅವಧಿ ಮೀರಿದ್ದರಿಂದ ಕಲಂ 7(6)ರ ಪ್ರಕಾರ ಪ್ರತಿಗಳೂ ಉಚಿತವಾಗಿ ಬಂದವು.

ಈ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಡೆದೇ ಇಲ್ಲವೆಂದು ಅವರು ವಾದಿಸುತ್ತಿದ್ದ ಒಂದು ತುರ್ತು ಸಭೆಯ ದಿನಾಂಕ ಹಾಕಿ ಕಾಫಿ–ತಿಂಡಿಯ ವೋಚರುಗಳನ್ನು ಕೇಳಿದೆ. ಲೆಕ್ಕಶಾಖೆಯವರು ಹಿಂದುಮುಂದು ನೋಡದೆ ಕೊಟ್ಟ ಆ ಬಿಲ್ಲಿನಲ್ಲಿ ಮೂವತ್ತರ ಆಸುಪಾಸಿನಷ್ಟು ಉಪ್ಪಿಟ್ಟು–ಕೇಸರಿಬಾತ್ ಪ್ಲೇಟುಗಳೂ, "ಮೀಟಿಂಗ್ ಬಾಬ್ತು" ಎಂಬ ಬರಹವೂ ಇದ್ದವು. ಸದಸ್ಯರ ಸಭಾಭತ್ಯೆಯ ವಹಿಯೂ ಇಷ್ಟೇ ಉಪಯುಕ್ತ ದಾಖಲೆ. ಪಕ್ಕದ ಗ್ರಾಮ ಪಂಚಾಯಿತಿಯಲ್ಲಿ ಇದೇ ಪ್ರಯೋಗಕ್ಕೆ ಹೊರಟೆನಾದರೂ, ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶದಲ್ಲಿಯೇ ಸಭೆಯ ವಿವರ ಸಿಕ್ಕಿದ್ದರಿಂದ ಅಲ್ಲಿ ಅರ್ಜಿಯ ಅಗತ್ಯವೇ ಬೀಳಲಿಲ್ಲ.

ಕೈಗೆ ಬಂದ ಪುಟಗಳಲ್ಲಿ ವಕೀಲರ ಅಭಿಪ್ರಾಯದ ಭಾಗಕ್ಕೆ, ಕೊಡಬಾರದ ಭಾಗವನ್ನು ಬಿಟ್ಟು ಉಳಿದುದನ್ನು ಕೊಡಲು ಹೇಳುವ ಕಲಂ 10ರ ಅನ್ವಯ ಕಪ್ಪು ಬಳಿದಿದ್ದರು. ಬಾಕಿ ವ್ಯಾಜ್ಯದ ವಿಷಯವಾದ್ದರಿಂದ ಅದು ನ್ಯಾಯವೆಂದೇ ನನ್ನ ಅಭಿಪ್ರಾಯ, ಅದನ್ನು ಪ್ರಶ್ನಿಸಲಿಲ್ಲ. ಆದರೆ ಮಳಿಗೆಗಳ ನವೀಕರಣ ಕಾರ್ಯಸೂಚಿಯಲ್ಲಿಯೇ ಇರಲಿಲ್ಲ; ಅದನ್ನು "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂಬ ಕೊನೆಯ ಬಾಬಿನಲ್ಲಿ ಸೇರಿಸಿ, ಹರಾಜಿಲ್ಲದೆ ಹಳೆಯ ಬಾಡಿಗೆಗೆ ಒಂದಿಷ್ಟು ಏರಿಸಿ ಮುಗಿಸಿದ್ದರು. ಇಷ್ಟು ದೊಡ್ಡ ಆಸ್ತಿಯ ತೀರ್ಮಾನ ಊರಿನವರ ಬೆನ್ನ ಹಿಂದೆ ಆಗಬಾರದು.

ಅರ್ಜಿಯನ್ನು ಯಾವ ವಾರ ಸಲ್ಲಿಸಬೇಕು, ಯಾವ ವಹಿಯನ್ನು ಮೊದಲು ನೋಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಇನ್ನೆರಡು ಅರ್ಜಿಗಳು ಬಾಕಿಯಿವೆ. ಈಗ ಪ್ರತಿ ಸಾಮಾನ್ಯ ಸಭೆಗೂ ನಾವು ನಾಲ್ಕೈದು ಮಂದಿ ಹಿಂದಿನ ಸಾಲಿನಲ್ಲಿ ಕೂರುತ್ತೇವೆ, ಕೊನೆಯ ಬಾಬು ಓದುವವರೆಗೂ ಏಳುವುದಿಲ್ಲ.