ಮನೆಯೊಳಗೊಬ್ಬ ಗಿಡ್ಡ ದನಗಾಹಿ

ಕಳೆದ ತಿಂಗಳು ಮಗಳ ಮನೆಗೆ ಎರಡೂವರೆ ತಿಂಗಳ ಕಾರ್ಗಿ ನಾಯಿಮರಿ ಬಂತು. ಹತ್ತು ದಿನ ಆಗಿರಲಿಲ್ಲ, ಫೋನ್ ಮಾಡಿದಳು. ‘ಅಮ್ಮಾ, ಮಕ್ಕಳು ಓಡಿದ್ರೆ ಸಾಕು, ಹಿಂದೆ ಬಿದ್ದು ಕಾಲು ಕಚ್ಚುತ್ತೆ. ಇದು ಕಚ್ಚೋ ನಾಯಿನಾ? ವಾಪಸ್ ಕೊಟ್ಟುಬಿಡೋದಾ?’ ದನಿಯಲ್ಲಿ ಅಳು ಇತ್ತು. ಕಾರ್ಗಿ ತಂದವರು ಬಹಳ ಮಂದಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ನಾನು ಎರಡು ಕಾರ್ಗಿಗಳನ್ನು ಮರಿಯಿಂದ ಸಾಕಿದವಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಗಿ ಮಡಿಲಲ್ಲಿ ಕೂರಿಸಿಕೊಳ್ಳಲೆಂದು ಬೆಳೆಸಿದ ನಾಯಿ ಅಲ್ಲ. ಬ್ರಿಟನ್ನಿನ ವೇಲ್ಸ್‌ನ ರೈತರು ದನ ಅಟ್ಟಲು ಇಟ್ಟುಕೊಂಡಿದ್ದ ನಾಯಿ. ಅಲ್ಲಿನ ಭಾಷೆಯಲ್ಲಿ ಕಾರ್ಗಿ ಅಂದರೆ ಕುಳ್ಳ ನಾಯಿ ಎಂದು ಅರ್ಥ ಹೇಳುತ್ತಾರೆ. ಹೆಜ್ಜೆ ಕೀಳದ ಹಸುವಿನ ಹಿಂಗಾಲಿಗೆ ಬಾಯಿ ಹಾಕಿ, ಅದು ಒದೆಯುವಷ್ಟರಲ್ಲಿ ನೆಲಕ್ಕೆ ಅಂಟಿಕೊಳ್ಳುವುದು ಇದರ ಕಸುಬು. ಕಾಲು ಗಿಡ್ಡ ಇದ್ದದ್ದರಿಂದಲೇ ಆ ಒದೆ ತಲೆಯ ಮೇಲೆ ಹಾದು ಹೋಗುತ್ತಿತ್ತು. ಈ ನಾಯಿಯಲ್ಲಿ ಪೆಂಬ್ರೋಕ್, ಕಾರ್ಡಿಗನ್ ಎಂದು ಎರಡು ತಳಿ. ನಾಯಿ ತಳಿಗಳನ್ನು ದಾಖಲಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಇವೆರಡನ್ನೂ ಬೇರೆ ಬೇರೆ ಎಂದು ಒಪ್ಪಿದ್ದು 1934ರಲ್ಲಿ. ಎಲಿಜಬೆತ್ ರಾಣಿಗೆ ಹದಿನೆಂಟನೇ ಹುಟ್ಟುಹಬ್ಬಕ್ಕೆ, 1944ರಲ್ಲಿ ಸಿಕ್ಕ ಸೂಸನ್ ಪೆಂಬ್ರೋಕ್ ತಳಿಯದು. ಆ ಸೂಸನ್ ಕೂಡ ಅರಮನೆಯ ಗಡಿಯಾರಗಳಿಗೆ ಕೀಲಿ ಕೊಡುವವರ ಕಾಲಿಗೆ ಬಾಯಿ ಹಾಕಿತ್ತು. ಇದನ್ನು ಹೇಳಿದ ಮೇಲೆ ಮಗಳಿಗೆ ಸ್ವಲ್ಪ ಸಮಾಧಾನವಾಯಿತು.

ಅಂದರೆ, ಓಡುವ ಮಗು ಆ ಮರಿಯ ಕಣ್ಣಿಗೆ ಗುಂಪು ಬಿಟ್ಟು ಹೋಗುತ್ತಿರುವ ಕರು. ಅದನ್ನು ತಿರುಗಿಸಿ ತರಬೇಕು ಅನ್ನುವುದು ರಕ್ತದಲ್ಲೇ ಇದೆ. ಸಿಟ್ಟಿನಿಂದ ಕಚ್ಚುವುದಲ್ಲ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಮರಿಯಾಗಿದ್ದಾಗ ಮುದ್ದಾಗಿ ಕಾಣುವ ಇದು ವರ್ಷ ತುಂಬುವ ಹೊತ್ತಿಗೆ ಮಕ್ಕಳ ಕಾಲಲ್ಲಿ ಗಾಯ ಮಾಡುತ್ತದೆ.

ಹೀಗೆ ಮಾಡಿ. ಮರಿ ಹಿಂದೆ ಬಿದ್ದ ಕ್ಷಣ ಮಗು ನಿಂತುಬಿಡಬೇಕು. ಕೈ ಮಡಚಿ, ಸದ್ದಿಲ್ಲದೆ, ಮರದ ಹಾಗೆ. ಅಟ್ಟುವುದಕ್ಕೆ ಏನೂ ಇಲ್ಲ ಅಂದರೆ ಆಟ ಮುಗಿಯಿತು. ಕಿರುಚಿದರೆ, ಕಾಲು ಝಾಡಿಸಿದರೆ ಅದಕ್ಕೆ ಇನ್ನೂ ಹುರುಪು. ಮರಿ ನಿಂತ ಮೇಲೆ ದೊಡ್ಡವರು ಅದರ ಬಾಯಿಗೆ ಒಂದು ಆಟಿಕೆ ಕೊಡಿ. ಬಾಯಲ್ಲಿ ಚೆಂಡೋ ಹಗ್ಗವೋ ಇದ್ದಾಗ ಹಿಮ್ಮಡಿ ಕಚ್ಚಲು ಆಗುವುದಿಲ್ಲ ಅಲ್ವಾ? ನನ್ನ ಎರಡನೇ ಕಾರ್ಗಿ ಗುಂಡನಿಗೆ ಇದು ಎಷ್ಟು ರೂಢಿಯಾಯಿತೆಂದರೆ, ಮನೆಗೆ ಯಾರಾದರೂ ಬಂದರೆ ತಾನೇ ಓಡಿಹೋಗಿ ಬಾಯಿಗೊಂದು ಆಟಿಕೆ ಸಿಕ್ಕಿಸಿಕೊಂಡು ಬರುತ್ತಿದ್ದ. ಆಟಿಕೆ ಕೊಟ್ಟರೂ ಕಾಲನ್ನೇ ಹುಡುಕಿಕೊಂಡು ಬಂದರೆ, ಮಾತಾಡದೆ ನೀವೇ ಕೋಣೆಯಿಂದ ಹೊರಗೆ ನಡೆಯಿರಿ. ಇಪ್ಪತ್ತು ಸೆಕೆಂಡು ಸಾಕು. ಮತ್ತೆ ಒಳಗೆ ಬನ್ನಿ. ಮನೆಯ ಎಲ್ಲರೂ, ಪ್ರತಿ ಸಲವೂ ಹೀಗೇ ಮಾಡಬೇಕು. ಅಪ್ಪ ನಗುತ್ತಾ ಕಾಲು ಕೊಟ್ಟು, ಅಮ್ಮ ಬೈದರೆ ಮರಿಗೆ ಏನೂ ಅರ್ಥವಾಗದು. ಚಿಕ್ಕ ಮಗುವನ್ನೂ ಮರಿಯನ್ನೂ ಮಾತ್ರ ಯಾವತ್ತೂ ಇಬ್ಬರನ್ನೇ ಬಿಡಬೇಡಿ.

ಹಲ್ಲು ಬೀಳುವ ಕಾಲವೂ ಇದರ ಜೊತೆ ಸೇರಿಕೊಳ್ಳುತ್ತದೆ. ಮರಿಗೆ 28 ಹಾಲುಹಲ್ಲು. ಸುಮಾರು ನಾಲ್ಕನೇ ತಿಂಗಳಿಂದ ಅವು ಬಿದ್ದು, ಏಳು ತಿಂಗಳ ಹೊತ್ತಿಗೆ 42 ಹಲ್ಲು ಬರುತ್ತವೆ. ಆಗ ವಸಡು ನವೆಯಾಗಿ ಸಿಕ್ಕಿದ್ದೆಲ್ಲ ಕಡಿಯುತ್ತದೆ. ರಬ್ಬರ್ ಆಟಿಕೆಯನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಕೊಡಿ. ಚಪ್ಪಲಿ ಎತ್ತಿಡುವುದು ನಿಮ್ಮ ಕೆಲಸ.

ಮುಖ್ಯವಾದ ಮಾತು ಈಗ ಹೇಳುತ್ತೇನೆ. ಕಾರ್ಗಿಗೆ ಕೆಲಸ ಬೇಕು. ನೀವು ಕೊಡದಿದ್ದರೆ ಅದೇ ಹುಡುಕಿಕೊಳ್ಳುತ್ತದೆ: ಸೋಫಾ ಹರಿಯುವುದು, ಕಿಟಕಿಯಲ್ಲಿ ಕೂತು ಬೀದಿ ಕಾಯುವುದು, ಮಕ್ಕಳನ್ನು ಅಟ್ಟುವುದು. ನಡೆಸಿಕೊಂಡು ಬಂದರೆ ಮೈ ದಣಿಯುತ್ತದೆ, ತಲೆ ದಣಿಯುವುದಿಲ್ಲ. ಈ ನಾಯಿಗೆ ತಲೆ ದಣಿಯಬೇಕು. ಊಟವನ್ನು ಬಟ್ಟಲಿಗೆ ಸುರಿಯುವ ಬದಲು ಅರ್ಧವನ್ನು ಹಳೇ ಟವೆಲ್ಲಿನ ಮಡಿಕೆಗಳಲ್ಲಿ ಬಚ್ಚಿಡಿ. ಮೂಸಿ ಮೂಸಿ ತೆಗೆಯಲಿ. ಆಟಿಕೆಗಳನ್ನು ಬುಟ್ಟಿಗೆ ಹಾಕುವುದನ್ನು ಕಲಿಸಿ. ಹತ್ತು ನಿಮಿಷ ಮೂಗು ಓಡಿಸಿದ ಗುಂಡ ಒಂದು ಗಂಟೆ ನಿದ್ದೆ ಹೊಡೆಯುತ್ತಿದ್ದ. ಮರಿಗಳು ದಿನಕ್ಕೆ ಹದಿನೆಂಟು ಗಂಟೆಯಾದರೂ ಮಲಗಬೇಕು. ಸಂಜೆ ಹುಚ್ಚೆದ್ದು ಓಡುತ್ತಾ ಕಚ್ಚುವ ಮರಿ ಬಹಳ ಸಲ ನಿದ್ದೆಗೆಟ್ಟ ಮರಿ.

ಪಾಠ ಚಿಕ್ಕದಾಗಿರಲಿ. ಐದೇ ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಊಟಕ್ಕೆ ಮುಂಚೆ, ಹೊಟ್ಟೆ ಸ್ವಲ್ಪ ಹಸಿದಿರುವಾಗ. ‘ಕೂರು’ ಕಲಿಸುವುದು ಸುಲಭ. ಚೂರು ತಿನಿಸನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆ ಹೋದರೆ ಹಿಂಭಾಗ ತಾನಾಗಿ ಕೆಳಗೆ ಬರುತ್ತದೆ. ಬೆನ್ನು ಅದುಮಿ ಕೂರಿಸಬೇಡಿ, ಅದರಲ್ಲೂ ಈ ಉದ್ದ ಬೆನ್ನಿನ ನಾಯಿಯನ್ನು. ಕೂತ ಕ್ಷಣವೇ ‘ಶಭಾಷ್’ ಅನ್ನಿ, ಆಮೇಲೆ ತಿನಿಸು. ಎರಡು ಮೂರು ಸೆಕೆಂಡು ತಡವಾದರೆ, ಎದ್ದು ನಿಂತಿದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ. ಚೂರು ಬಟಾಣಿ ಕಾಳಿಗಿಂತ ಚಿಕ್ಕದಿರಲಿ.

ಪದಗಳ ವಿಷಯದಲ್ಲಿ ನಾನು ಕಷ್ಟಪಟ್ಟು ಕಲಿತದ್ದು ಒಂದಿದೆ. ಮೊದಲ ನಾಯಿ ಚಿಣ್ಣನಿಗೆ ‘ಬಾ’, ‘ಬಿಡು’, ‘ಬೇಡ’ ಮೂರನ್ನೂ ಬಳಸುತ್ತಿದ್ದೆ. ಮೂರೂ ಬಕಾರ. ಹತ್ತಿರ ಹತ್ತಿರ ಕೇಳುವ ಪದಗಳಲ್ಲಿ ನಾಯಿಗೆ ಗೊಂದಲ ಜಾಸ್ತಿ. ಬಾಯಲ್ಲಿದ್ದದ್ದನ್ನು ‘ಬಿಡು’ ಅಂದರೆ ಹತ್ತಿರ ಬಂದು ನಿಲ್ಲುತ್ತಿದ್ದ ಪಾಪ. ಗುಂಡನಿಗೆ ಬದಲಿಸಿದೆ. ಕರೆಯಲು ‘ಬಾ’, ಬಾಯಲ್ಲಿದ್ದದ್ದನ್ನು ಬಿಡಿಸಲು ‘ಇಡು’, ನಿಲ್ಲಿಸಲು ‘ಸಾಕು’. ನಿಮಗೆ ‘ಕಮ್’, ‘ಸಿಟ್’ ಅನ್ನುವುದು ರೂಢಿ ಇದ್ದರೆ ಹಾಗೇ ಅನ್ನಿ, ಭಾಷೆ ಯಾವುದಾದರೂ ಸರಿ. ಆದರೆ ಮನೆಯವರೆಲ್ಲ ಒಂದೇ ಪದ ಹೇಳಬೇಕು. ಒಂದು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಪ್ರತಿ ಪದದ ಜೊತೆ ಒಂದು ಕೈಸನ್ನೆಯನ್ನೂ ಸೇರಿಸಿ. ಅದು ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

‘ಬಾ’ ಅನ್ನುವ ಪದವನ್ನು ಚಿನ್ನದ ಹಾಗೆ ಕಾಪಾಡಿ. ಚಿಣ್ಣ ಒಮ್ಮೆ ಹೊಸ ಚಪ್ಪಲಿ ಹರಿದಿದ್ದ. ನಾನು ‘ಬಾ ಇಲ್ಲಿ’ ಎಂದು ಕರೆದೆ, ಬಾಲ ಆಡಿಸುತ್ತಾ ಬಂದ, ಚೆನ್ನಾಗಿ ಬೈದೆ. ಅವನಿಗೆ ಗೊತ್ತಾಗಿದ್ದು, ಕರೆದಾಗ ಹೋದರೆ ಬೈಗುಳ ಸಿಗುತ್ತದೆ ಎಂದು. ಆಮೇಲೆ ನಾಲ್ಕೈದು ತಿಂಗಳು, ಕರೆದರೆ ಅಷ್ಟು ದೂರದಲ್ಲೇ ನಿಂತು ಮುಖ ನೋಡುತ್ತಿದ್ದ. ಆ ನೋಟ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಉಗುರು ಕತ್ತರಿಸಲು, ಸ್ನಾನಕ್ಕೆ, ಆಟ ನಿಲ್ಲಿಸಲು ‘ಬಾ’ ಅನ್ನಬೇಡಿ. ನೀವೇ ಹೋಗಿ ಕರೆದುಕೊಂಡು ಬನ್ನಿ. ‘ಬಾ’ ಅಂದಾಗ ಬಂದರೆ ಯಾವಾಗಲೂ ಏನೋ ಒಳ್ಳೆಯದೇ ಸಿಗಬೇಕು.

ಆಗ ಒಬ್ಬ ತರಬೇತುದಾರರು ನನಗೆ ಬೇರೆ ದಾರಿ ಹೇಳಿದ್ದರು. ಕುತ್ತಿಗೆ ಬಿಗಿಯುವ ಸರಪಳಿ ಹಾಕಿ ಎಳೆಯಿರಿ, ನೆಲಕ್ಕೆ ಕೆಡವಿ ಒತ್ತಿ ಹಿಡಿಯಿರಿ, ಯಜಮಾನ ಯಾರೆಂದು ತಿಳಿಯುತ್ತದೆ ಎಂದರು. ಎರಡು ದಿನ ಮಾಡಿದೆ. ಮೂರನೇ ದಿನ ನನ್ನ ಕೈ ಕಂಡರೆ ಚಿಣ್ಣ ಮಂಚದ ಕೆಳಗೆ ಹೋದ. ಸರಪಳಿಯನ್ನು ಅಂದೇ ಬಿಸಾಡಿದೆ. ಹೆದರಿದ ನಾಯಿ ಕಲಿಯುವುದಿಲ್ಲ. ಕಾರ್ಗಿಗೆ ಎದೆಯ ಸುತ್ತ ಬರುವ ಹಾರ್ನೆಸ್ ಹಾಕಿ. ಬೆಲ್ಟ್ ಎಳೆದುಕೊಂಡು ಹೋದರೆ ಅಲ್ಲೇ ನಿಲ್ಲಿ, ಸಡಿಲವಾದ ಮೇಲೆ ಹೆಜ್ಜೆ ಹಾಕಿ. ಮೊದಲ ವಾರ ಗೇಟು ದಾಟಲು ಹತ್ತು ನಿಮಿಷ ಬೇಕಾಗಬಹುದು, ಆಗಲಿ.

ಉಚ್ಚೆ, ಕಕ್ಕದ ಪಾಠಕ್ಕೆ ಗಡಿಯಾರವೇ ಗುರು. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಆಟವಾದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಹಗಲಲ್ಲಿ ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆಯಬಲ್ಲದು. ಎಚ್ಚರವಾಗಿ ಆಡುತ್ತಿದ್ದರೆ ಅಷ್ಟೂ ಇಲ್ಲ. ಅಲ್ಲೇ, ಕೆಲಸ ಮುಗಿದ ಜಾಗದಲ್ಲೇ ತಿನಿಸು ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ಅಂದುಕೊಳ್ಳುತ್ತದೆ. ಮನೆಯಲ್ಲಿ ಗಲೀಜು ಮಾಡಿದರೆ ಮೂಗು ಉಜ್ಜುವುದು, ಬೈಯುವುದು ಬೇಡವೇ ಬೇಡ. ಬೈದರೆ ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡುತ್ತದೆ, ಅಷ್ಟೇ. ಒರೆಸಲು ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ. ಅದರ ವಾಸನೆ ನಾಯಿಗೆ ಉಚ್ಚೆಯ ಹಾಗೇ ಅನ್ನಿಸಿ ಮತ್ತೆ ಅಲ್ಲಿಗೇ ಬರುತ್ತದೆ. ಉಚ್ಚೆಯ ವಾಸನೆಯನ್ನೇ ಒಡೆಯುವ ಎನ್‌ಜೈಮ್ ಇರುವ ಕ್ಲೀನರ್ ತನ್ನಿ.

ಬೊಗಳುವುದು ಕಾರ್ಗಿಯ ಮೇಲಿನ ಎರಡನೇ ದೊಡ್ಡ ದೂರು. ಆ ಚಿಕ್ಕ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೋ ಎಂದು ನೆರೆಯವರು ಕೇಳುತ್ತಾರೆ. ದನ ಅಟ್ಟುವವನಿಗೆ ಗಂಟಲು ಬೇಕಲ್ಲ. ನೀವು ‘ಏಯ್, ಸುಮ್ನಿರು’ ಎಂದು ಕೂಗಿದರೆ, ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದೇ ಅದರ ಲೆಕ್ಕ. ಬೆಲ್ ಆದಾಗ ಏನು ಮಾಡಬಾರದು ಎನ್ನುವುದಕ್ಕಿಂತ ಏನು ಮಾಡಬೇಕು ಎಂದು ಕಲಿಸಿ. ನಿಮ್ಮ ಮನೆಯ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ತೀರಾ ಸಣ್ಣ ದನಿಯಲ್ಲಿ ಹಾಕಿ, ಕೂಡಲೇ ಅದರ ಚಾಪೆಯ ಮೇಲೆ ತಿನಿಸು ಎಸೆಯಿರಿ. ದಿನಕ್ಕೆ ಹತ್ತು ಸಲ. ದಿನ ಕಳೆದಂತೆ ದನಿ ಏರಿಸುತ್ತಾ ಹೋಗಿ. ಗುಂಡನಿಗೆ ಮೂರು ವಾರ ಹಿಡಿಯಿತು. ಬೆಲ್ ಆದರೆ ಒಂದೆರಡು ಸಲ ಬೊಗಳಿ, ಚಾಪೆಗೆ ಹೋಗಿ ಕೂತು ನನ್ನ ಮುಖ ನೋಡುತ್ತಿದ್ದ. ಹಾಗೆ ಒಂದೆರಡು ಸಲ ಬೊಗಳುವುದನ್ನು ನಾನು ತಡೆಯಲಿಲ್ಲ. ಯಾರೋ ಬಂದರು ಎಂದು ಹೇಳುವುದು ನಾಯಿಯ ಹಕ್ಕು.

ಮೂರರಿಂದ ಹದಿನಾಲ್ಕು ವಾರದ ನಡುವೆ ಮರಿಯ ಮನಸ್ಸು ತೆರೆದ ಬಾಗಿಲು. ಆಗ ಕಂಡದ್ದಕ್ಕೆ ಮುಂದೆ ಹೆದರುವುದು ಕಡಿಮೆ. ಲಸಿಕೆ ಪೂರ್ತಿಯಾಗದೆ ನೆಲಕ್ಕೆ ಬಿಡಲಾಗದಿದ್ದರೆ ಎತ್ತಿಕೊಂಡೇ ಹೊರಗೆ ತೋರಿಸಿ: ಗಡ್ಡದವರು, ಕನ್ನಡಕದವರು, ಛತ್ರಿ, ಸೈಕಲ್, ಮಕ್ಕಳ ಗಲಾಟೆ. ಪಾದ, ಕಿವಿ, ಬಾಯಿ ದಿನವೂ ಮುಟ್ಟಿ ಅಭ್ಯಾಸ ಮಾಡಿಸಿ. ಡಾಕ್ಟರ ಮುಂದೆ ಅದು ಉಪಯೋಗಕ್ಕೆ ಬರುತ್ತದೆ. ಬ್ರಷ್‌ನ ಅಭ್ಯಾಸವೂ ಆಗಲೇ ಆಗಲಿ. ಇದರ ಕೂದಲು ಎರಡು ಪದರ, ಬಹಳ ಉದುರುತ್ತದೆ. ಸೆಕೆ ಎಂದು ಬೋಳಿಸಬೇಡಿ.

ಇನ್ನು ಬೆನ್ನು. ಇದರ ಬಗ್ಗೆ ನನಗೆ ಭಯವೂ ಇದೆ, ಹೇಳಲೇಬೇಕು. ಗಿಡ್ಡ ಕಾಲು, ಉದ್ದ ಬೆನ್ನಿನ ಇಂಥ ತಳಿಗಳಲ್ಲಿ ಬೆನ್ನುಮೂಳೆಯ ನಡುವಿನ ಮೆತ್ತನೆಯ ಡಿಸ್ಕ್ ಬೇಗ ಗಟ್ಟಿಯಾಗಿ, ಜಾರಿ, ನರ ಒತ್ತುವ ಸಂಭವ ಜಾಸ್ತಿ. ಸೋಫಾದಿಂದ, ಮಂಚದಿಂದ, ಕಾರಿನಿಂದ ಧುಮುಕುವುದನ್ನು ಮರಿಯಿಂದಲೇ ತಪ್ಪಿಸಿ. ಒಂದು ಇಳಿಜಾರು ಹಲಗೆ ಇಟ್ಟು, ಅದರ ಮೇಲೆ ತಿನಿಸು ಸಾಲಾಗಿ ಹಾಕಿ, ಅದರಲ್ಲೇ ಹತ್ತಿ ಇಳಿಯುವುದನ್ನು ಕಲಿಸಿ. ಜಾರುವ ನೆಲಕ್ಕೆ ಚಾಪೆ ಹಾಸಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಕಂಕುಳಲ್ಲಿ ಹಿಡಿದು ನೇತಾಡಿಸಬೇಡಿ, ಮಕ್ಕಳಿಗೂ ಬಿಡಬೇಡಿ. ಹಿಂಗಾಲು ತಡವರಿಸಿದ ಹಾಗೆ ನಡೆದರೆ, ಎತ್ತಿದಾಗ ಕುಯ್ಯೋ ಅಂದರೆ, ನಾಳೆ ನೋಡೋಣ ಅನ್ನದೆ ಅಂದೇ ಡಾಕ್ಟರಿಗೆ ತೋರಿಸಿ.

ಬೆನ್ನಿನ ದೊಡ್ಡ ಶತ್ರು ತೂಕ. ಬೆಳೆದ ಪೆಂಬ್ರೋಕ್ ಸುಮಾರು 10ರಿಂದ 13 ಕೆ.ಜಿ. ಇದ್ದರೆ ಸರಿ. ಕಾರ್ಡಿಗನ್ ಸ್ವಲ್ಪ ಹೆಚ್ಚು ತೂಗುತ್ತದೆ. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಕೈಗೆ ಸಿಗಬೇಕು. ಕಾರ್ಗಿ ಊಟ ಬೇಡುವುದರಲ್ಲಿ ಗಟ್ಟಿಗ, ಆ ಕಣ್ಣಿಗೆ ಕರಗಬೇಡಿ. ತರಬೇತಿಯ ತಿನಿಸು ದಿನದ ಊಟದ ಹತ್ತರಲ್ಲಿ ಒಂದು ಪಾಲು ದಾಟಬಾರದು, ಅಷ್ಟನ್ನು ಬಟ್ಟಲಿನಿಂದ ಕಡಿಮೆ ಮಾಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

ಆರೇಳು ತಿಂಗಳಿಗೆ ಒಂದು ದಿನ ಕಲಿತದ್ದೆಲ್ಲ ಮರೆತ ಹಾಗೆ ಆಡುತ್ತದೆ. ಹದಿಹರೆಯ ಅದು. ಸೋತೆ ಎಂದುಕೊಳ್ಳಬೇಡಿ. ಪಾಠವನ್ನು ಮತ್ತೆ ಮೊದಲಿಂದ, ಉದ್ದ ಹಗ್ಗ ಕಟ್ಟಿ ಶುರು ಮಾಡಿ. ಒಂದೂವರೆ ವರ್ಷದ ಹೊತ್ತಿಗೆ ದಾರಿಗೆ ಬರುತ್ತದೆ.

ಕೈಸನ್ನೆಯ ಮಾತು ಬಾಕಿ ಇತ್ತು. ಗುಂಡನಿಗೆ ಈಗ ಹನ್ನೆರಡು ವರ್ಷ. ಹೋದ ವರ್ಷದಿಂದ ಕಿವಿ ಸ್ವಲ್ಪವೂ ಕೇಳುವುದಿಲ್ಲ. ಹೆಸರು ಕೂಗಿದರೂ ತಿರುಗುವುದಿಲ್ಲ. ನಾನು ಕಾಲಿನಿಂದ ನೆಲ ಮೆಲ್ಲಗೆ ತಟ್ಟುತ್ತೇನೆ. ಅದುರಿದ್ದು ಗೊತ್ತಾಗಿ ನನ್ನ ಕಡೆ ನೋಡುತ್ತಾನೆ. ಅಂಗೈಯನ್ನು ಎದೆಗೆ ತಂದರೆ ‘ಬಾ’ ಎಂದು, ಎರಡೂವರೆ ತಿಂಗಳ ಮರಿಯಾಗಿದ್ದಾಗ ಕಲಿತದ್ದು. ಹಲಗೆಯ ಮೇಲಿಂದ ನಿಧಾನವಾಗಿ ಇಳಿದು ಬರುತ್ತಾನೆ.